ನಿಮ್ಮ ಹೆಸರಿನಲ್ಲಿ ಬೇರೆಯವರ ಸಾಲ: ಕ್ಯಾಲಿಫೋರ್ನಿಯಾ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಸದಸ್ಯರೊಬ್ಬರಿಗೆ ಅರ್ಜಿಯೇ ಹಾಕದ ಕ್ರೆಡಿಟ್ ಕಾರ್ಡಿನ ಬಿಲ್ ಬಂದಿದೆ. ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅವರದ್ದೇ. ಫೋನ್ ನಂಬರ್ ಮಾತ್ರ ಇನ್ಯಾರದ್ದೋ! ಪೊಲೀಸರ ಹತ್ತಿರ ಹೋಗಬೇಕಾ ಅಂತ ಕೇಳಿದ್ದಾರೆ. ಹೋಗಲೇಬೇಕು.

ಇದು ಬರೀ ಬ್ಯಾಂಕಿನ ತಕರಾರಲ್ಲ. ನಮ್ಮ ರಾಜ್ಯದ ಪೀನಲ್ ಕೋಡ್ (ದಂಡ ಸಂಹಿತೆ) ಸೆಕ್ಷನ್ 530.5ರ ಪ್ರಕಾರ ಅಪರಾಧ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ವಿವರ ಬಳಸಿ ಸಾಲವನ್ನೋ ಸಾಮಾನನ್ನೋ ಪಡೆದವರಿಗೆ 3 ವರ್ಷದವರೆಗೂ ಜೈಲಾಗಬಹುದು. ಮೋಸ ಮಾಡಲೆಂದು ಆ ವಿವರ ಇಟ್ಟುಕೊಂಡಿದ್ದರೂ ತಪ್ಪೇ.

ಕಳ್ಳ ಎಲ್ಲಿದ್ದಾನೋ ಗೊತ್ತಿಲ್ಲ, ದೂರು ಎಲ್ಲಿ ಕೊಡೋದು ಅಂತ ಸುಮ್ನೆ ಕೂರಬೇಡಿ. 530.6ರ ಪ್ರಕಾರ ನೀವು ವಾಸವಿರುವ ಊರಿನ ಪೊಲೀಸರೇ ದೂರು ತೆಗೆದುಕೊಳ್ಳಬೇಕು, ಅದರ ಪ್ರತಿಯನ್ನೂ ಕೊಡಬೇಕು. ಕೌಂಟರಿನಲ್ಲಿ ಯಾರಾದರೂ "ಬೇರೆ ಕಡೆ ಹೋಗಿ" ಅಂದರೆ ಈ ಸೆಕ್ಷನ್ ನಂಬರ್ ಹೇಳಿ. ಆ ಪ್ರತಿ ಜೋಪಾನ. ಅದನ್ನಿಟ್ಟು ಕೇಳಿದರೆ, ನಿಮ್ಮ ಹೆಸರಿನಲ್ಲಿ ಹಾಕಿದ ಅರ್ಜಿಯ ವಿವರವನ್ನು ಕಾರ್ಡ್ ಕಂಪನಿ ನಿಮಗೆ ಪುಕ್ಕಟೆ ಕೊಡಬೇಕು (530.8).

ಜೊತೆಗೆ ಇವತ್ತೇ ನಮ್ಮ ಸಾಲದ ದಾಖಲೆ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ (ನಿಮ್ಮ ಹೆಸರಿನಲ್ಲಿ ಹೊಸ ಸಾಲ ಸಿಗದಂತೆ ಆ ದಾಖಲೆಗೆ ಬೀಗ) ಮಾಡಿ. 2018ರಿಂದ ಇದಕ್ಕೆ ದುಡ್ಡಿಲ್ಲ. ಒಂದರಲ್ಲಿ ಮಾಡಿದರೆ ಸಾಲದು.

ಇನ್ನೊಂದು ಮಾತು. ಹೊಸದಾಗಿ ಬಂದ ವಿದ್ಯಾರ್ಥಿಗಳು ಪಾಸ್‌ಪೋರ್ಟ್, ವೀಸಾ ಫೋಟೋವನ್ನು ಇದೇ ಗುಂಪಿಗೆ ಹಾಕಿ "ಇದು ಸರಿ ಇದೆಯಾ" ಅಂತ ಕೇಳ್ತಾರೆ. ದಯವಿಟ್ಟು ಬೇಡ. ಇಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯದವರಲ್ಲ, ಅಲ್ವಾ? ಹಾಕಿದರೆ ಅಡ್ಮಿನ್‌ಗಳು ಅಳಿಸುತ್ತೇವೆ.