ಕೆಂಪು ನೀರಿನಲ್ಲಿದ್ದ ಚಿನ್ನ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನ್ಯಾನೋಟೆಕ್ನಾಲಜಿ ಅಂತಲೇ ಹೆಸರಿರುವ ಬಿ.ಟೆಕ್. ಸೇರುತ್ತೇನೆ ಎಂದು ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ನಾನು "ನೋಡೋಣ" ಎಂದೆ. ನಿನಗೆ ಬೇಸರವಾಯಿತು ಅಂತ ಗೊತ್ತಾಯಿತು. ಅಂಗಡಿ ತುಂಬ ಗಿರಾಕಿಗಳಿದ್ದರು, ಹೇಳುವುದು ಜಾಸ್ತಿ ಇತ್ತು. ಅದಕ್ಕೇ ಈ ಪತ್ರ.

ಹೋದ ವರ್ಷ ನಿಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಚಿತ್ರದುರ್ಗಕ್ಕೆ ಬಂದಿದ್ದೆನಲ್ಲ, ಆಗ ಬೆರಳುದ್ದದ ಗಾಜಿನ ಬಾಟಲಿಯೊಂದನ್ನು ನನ್ನ ಕೈಗಿಟ್ಟೆ. ಒಳಗೆ ದಾಸವಾಳ ಹಿಂಡಿದಂಥ ಕೆಂಪು ನೀರು. "ಇದು ಚಿನ್ನ ಅಪ್ಪಾ" ಎಂದೆ. ಮೂವತ್ತು ವರ್ಷದಿಂದ ಮೂಸೆಯ ಮುಂದೆ ಕೂತವನು ನಾನು. ತಾಮ್ರ ಬೆರೆಸಿದರೆ ಚಿನ್ನ ಕೆಂಪಗಾಗುತ್ತದೆ, ಅಷ್ಟು ಗೊತ್ತು. ಅಪ್ಪಟ ಚಿನ್ನ ಬರೀ ಸಣ್ಣದಾದದ್ದಕ್ಕೇ ಕೆಂಪಾಗುತ್ತದೆ ಅಂದರೆ? ನಾನು ಕಂಬಿ ಎಳೆದರೆ ಹೆಚ್ಚೆಂದರೆ ಕೂದಲೆಳೆಯಷ್ಟು ಸಣ್ಣಗೆ ಬರುತ್ತದೆ. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಒಂದು ಕೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್, ಈ ಕಣ 20 ನ್ಯಾನೋಮೀಟರ್ ಇದ್ದರೆ ಹೆಚ್ಚು ಎಂದು ನೀನು ಹೇಳಿದೆ. ಕೋವಿಡ್ ಸಮಯದಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡುತ್ತಿದ್ದರಲ್ಲ, ಅಂಥ ಎಷ್ಟೋ ಕಿಟ್‌ಗಳ ಕೆಂಪು ಗೆರೆಯೂ ಇದೇ ಚಿನ್ನ ಎಂದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಒಂದು ಬಾಟಲಿಯಲ್ಲೇ ಎಷ್ಟು ವಿದ್ಯೆ ಇದೆ ನೋಡು. ಚಿನ್ನದ ಉಪ್ಪು ಕರಗಿಸಿದ ನೀರನ್ನು ಕುದಿಸಿ, ನಿಂಬೆಹುಳಿಯ ಉಪ್ಪಾದ ಸಿಟ್ರೇಟ್ ಹಾಕಿ ಕಣ ಮಾಡುವುದು ಕೆಮಿಸ್ಟ್ರಿ. ಅದು ಕೆಂಪಗೇ ಏಕೆ ಕಾಣುತ್ತದೆ ಅನ್ನುವುದು ಫಿಸಿಕ್ಸ್. ಅದಕ್ಕೆ ರೋಗಾಣುವನ್ನು ಹಿಡಿಯುವ ಪ್ರೋಟೀನ್ ಅಂಟಿಸಲು ಬಯಾಲಜಿ ಬೇಕು. ನ್ಯಾನೋ ಅನ್ನುವುದು ಒಂದು ಅಳತೆ ಅಷ್ಟೇ ಅಲ್ವಾ? ಆ ಅಳತೆಯಲ್ಲಿ ಕೆಲಸ ಮಾಡಲು ಕೈಯಲ್ಲಿ ಒಂದು ಗಟ್ಟಿ ವಿದ್ಯೆ ಇರಬೇಕು. ನ್ಯಾನೋ ವಸ್ತುಗಳ ಕೆಲಸಕ್ಕೂ ಹೆಸರಾದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಕೆಮಿಸ್ಟ್ರಿಯವರು. ಪರಮಾಣುವನ್ನೇ ಕಾಣಿಸುವ ಸೂಕ್ಷ್ಮದರ್ಶಕವನ್ನು 1981ರಲ್ಲಿ ಮಾಡಿದ ಬಿನ್ನಿಗ್ ಮತ್ತು ರೋರರ್ ಫಿಸಿಕ್ಸಿನವರು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಹದಿನಾರು ವರ್ಷಕ್ಕೆ ಸೋದರಮಾವನ ಹತ್ತಿರ ಕೆಲಸಕ್ಕೆ ಕೂತೆ. ನನಗೆ ಹರಳು ಕೂರಿಸುವ ಆಸೆ. ಬೆಸುಗೆ ಸರಿಯಾಗಿ ಕಲಿಯದೆ ಹಟ ಮಾಡಿ ಒಂದು ಮದುವೆ ಉಂಗುರ ಮಾಡಿದೆ. ಧಾರೆ ಮುಗಿಯುವಷ್ಟರಲ್ಲಿ ಹರಳು ಕೂರಿಸಿದ ಮನೆಯೇ ಕಳಚಿ ಬಿತ್ತು. ಮಾವ ಕೈಯಿಂದ ದುಡ್ಡು ಕೊಟ್ಟರು, ನನಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಬಿಳಿಗಾರ, ಊದುಗೊಳವೆ ಮುಂದಿಟ್ಟು ಒಂದು ವರ್ಷ ಬರೀ ಬೆಸುಗೆ ಹಾಕಿಸಿದರು. ಇವತ್ತಿಗೂ ಹೊಟ್ಟೆಗೆ ಅನ್ನ ಹಾಕುತ್ತಿರುವುದು ಆ ವರ್ಷ.

ನಿನ್ನ ಬೆಸುಗೆ ಯಾವುದು? ನನಗೆ ಕಂಡಿದ್ದು ಕೆಮಿಸ್ಟ್ರಿ. ಕುದಿಯುವ ಪಾತ್ರೆಯಲ್ಲಿ ಹಳದಿ ಹೋಗಿ, ಬಣ್ಣವೇ ಇಲ್ಲದಂತಾಗಿ, ಮಸಿ ನೀಲಿ ಬಂದು, ಕೊನೆಗೆ ಕೆಂಪು ಬಂದದ್ದನ್ನು ಅವತ್ತು ನೀನು ಬಸ್‌ಸ್ಟ್ಯಾಂಡ್‌ವರೆಗೂ ಹೇಳುತ್ತಲೇ ಬಂದೆ. ಬೆಳಕಿನ ಲೆಕ್ಕ ಕೇಳಿದರೆ ಎರಡು ಮಾತಲ್ಲಿ ಮುಗಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಪದವಿ ಇದೆ, ಅಲ್ಲಿ ಕೆಮಿಸ್ಟ್ರಿಯನ್ನಾಗಲಿ ವಸ್ತುಗಳ ಗುಣ ಕಲಿಸುವ ಮೆಟೀರಿಯಲ್ಸ್ ಅನ್ನಾಗಲಿ ಮುಖ್ಯ ವಿಷಯ ಮಾಡಿಕೊಳ್ಳಬಹುದು. ಪ್ರವೇಶ ಕಷ್ಟ, ಆದರೂ ಪರೀಕ್ಷೆ ಬರೆ. ಸಿಗದಿದ್ದರೆ ಇಲ್ಲೇ ಬಿ.ಎಸ್ಸಿ. ಮಾಡು, ಅದೇನೂ ಕಡಿಮೆಯಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಬಿ.ಎಸ್ಸಿ. ಆದ ಮೇಲೆ ನೇರವಾಗಿ ಪಿಎಚ್‌.ಡಿ.ವರೆಗೆ ಓದುವ ದಾರಿ ಇದೆ. ನ್ಯಾನೋ ಆಗ ಕೈಗೆ ಬರುತ್ತದೆ. ಇಂಜಿನಿಯರಿಂಗೇ ಆಗಲಿ ಎನ್ನುವುದು ನಿಮ್ಮಮ್ಮನ ಆಸೆ. ಹಾಗಾದರೆ ಮೆಟೀರಿಯಲ್ಸ್ ಇಲ್ಲವೇ ಕೆಮಿಕಲ್ ನೋಡು.

ಮುಂದಿನ ಭಾನುವಾರ ನಾನೇ ಬರುತ್ತೇನೆ, ಮಂಡಕ್ಕಿ ಖಾರ ತರುತ್ತೇನೆ. ನೀನು ಹೇಳಿದ ಕೋರ್ಸಿನ ಸಿಲಬಸ್ ಪ್ರಿಂಟ್ ತೆಗೆಸಿಡು. ಮೊದಲ ಎರಡು ವರ್ಷದಲ್ಲಿ ಲ್ಯಾಬ್ ಎಷ್ಟು, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಎಷ್ಟೆಷ್ಟು ಅಂತ ಇಬ್ಬರೂ ಕೂತು ಎಣಿಸೋಣ. ಗಟ್ಟಿಯಾಗಿದ್ದರೆ ಫೀಸು ನಾನು ಕಟ್ಟುತ್ತೇನೆ.

ನಿನ್ನ
ಅಪ್ಪ