ಕಂಬ ಕಿತ್ತವರು ಒಮ್ಮೆ ಸೈಕಲ್ ತುಳಿದು ನೋಡಲಿ

ಮಾನ್ಯ ಸಂಪಾದಕರೇ,

ನಾವು ಸೈಕಲ್ ತುಳಿಯುವ ನದಿ ಹಾದಿಗೆ ಕಾರು ನುಗ್ಗದಂತೆ ಎರಡೂ ತುದಿಯಲ್ಲಿ ನೆಟ್ಟಿದ್ದ ಕಂಬಗಳನ್ನು ಕಿತ್ತ ಬಗ್ಗೆ ಶನಿವಾರದ ನಿಮ್ಮ ವರದಿ ಓದಿದೆ. ಮರುದಿನವೇ ನನ್ನ ಮಗಳು ಅದೇ ಹಾದಿಯಲ್ಲಿ ಬಿದ್ದಳು. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಈ ಪತ್ರ.

ಭಾನುವಾರ ಬೆಳಗ್ಗೆ ನಾವು ಮೂವರು ಹೊರಟಿದ್ದೆವು. ನಾನು, ಒಂಬತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ನಮ್ಮಪ್ಪ. ಅಪ್ಪನಿಗೆ ಮಂಡಿ ನೋವು. ಸೈಕಲ್ ಹತ್ತಿ ಇಳಿಯುವಾಗ ಒಂಟಿ ಕಾಲಿನ ಮೇಲೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ಮೂರು ಗಾಲಿಯ ಸೈಕಲ್ ತುಳಿಯುತ್ತಾರೆ. ಸೇತುವೆ ದಾಟಿ ಮೂರನೇ ತಿರುವು ಬರುವ ಹೊತ್ತಿಗೆ ಬೆನ್ನ ಹಿಂದೆಯೇ ಹಾರ್ನ್ ಕೇಳಿಸಿತು. ಆ ಹಾದಿಯಲ್ಲಿ ಹಾರ್ನ್ ಕೇಳಿದ್ದು ನಾನು ಅದೇ ಮೊದಲು. ಮಗಳು ಬೆಚ್ಚಿ ಹ್ಯಾಂಡಲ್ ತಿರುಗಿಸಿದಳು. ಮುಂದಿನ ಗಾಲಿ ಟಾರಿನ ಅಂಚಿನಿಂದ ಜಲ್ಲಿಗೆ ಜಾರಿತು. ಮಂಡಿ, ಅಂಗೈ, ಗದ್ದ ಮೂರೂ ಕಿತ್ತುಹೋದವು.

ಕಾರಿನವರು ನಿಲ್ಲಿಸಿದರು, ಇಲ್ಲವೆನ್ನಲಾರೆ. ಗಾಜು ಇಳಿಸಿ ಅವರು ಹೇಳಿದ್ದು ಒಂದೇ ಮಾತು: 'ಹಾದಿ ಓಪನ್ ಮಾಡಿದ್ದಾರಲ್ವಾ? ಪೇಪರಲ್ಲೂ ಬಂದಿದೆ.' ನನಗೆ ಉತ್ತರ ಹೊಳೆಯಲಿಲ್ಲ. ಅವರ ತಪ್ಪಿಗಿಂತ ಕಂಬ ಕಿತ್ತವರ ತಪ್ಪು ದೊಡ್ಡದು ಎಂದು ಆಗಲೇ ಅನ್ನಿಸಿತು.

ಮಗಳ ಸೈಕಲ್ಲಿನ ರಿಮ್ ಸೊಟ್ಟಗಾಗಿತ್ತು. ಗಾಲಿ ಬ್ರೇಕಿಗೆ ತಾಗಿ ತಿರುಗಲೇ ಇಲ್ಲ. ಅದರ ಮುಂಭಾಗ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಸೈಕಲ್ ತಳ್ಳಿಕೊಂಡು, ನಾಲ್ಕು ಕಿಲೋಮೀಟರ್ ನಡೆದೆ. ಮಗಳನ್ನು ಅಪ್ಪ ತಮ್ಮ ಸೈಕಲ್ಲಿನ ಹಿಂದಿನ ಬುಟ್ಟಿಯಲ್ಲಿ ಕೂರಿಸಿಕೊಂಡರು. ನೋವಿನ ಮಂಡಿಯಲ್ಲೇ ಅವಳ ಭಾರವನ್ನೂ ತುಳಿದರು. ವಾಪಸ್ ಬರುವಷ್ಟರಲ್ಲಿ ಏಳು ಕಾರುಗಳು ಎದುರಾದವು. ಬೈಕುಗಳನ್ನು ನಾನು ಎಣಿಸಲಿಲ್ಲ. ಹಾದಿಯ ಅಗಲ ಇರುವುದೇ ಮೂರು ಮೀಟರ್. ಒಂದು ಕಡೆ ನೀರಿಗೆ ಇಳಿಯುವ ದಂಡೆ, ಇನ್ನೊಂದು ಕಡೆ ಮುಳ್ಳು ಬೇಲಿ. ಪ್ರತಿ ಸಲ ಮುಳ್ಳಿಗೆ ಬೆನ್ನು ಕೊಟ್ಟು ನಿಂತೆವು. ಮೂರು ಗಾಲಿಯ ಸೈಕಲ್ಲನ್ನು ಹೀಗೆ ಅಂಚಿಗೆ ಒತ್ತಿ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ತುಳಿದವರಿಗೇ ಗೊತ್ತು.

ಅಲ್ಲಿಂದಲೇ ಫಲಕದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಸೋಮವಾರ ಎತ್ತಿದವರು, ಹಾದಿ ನಮ್ಮದು, ಕಂಬ ನಮ್ಮದಲ್ಲ ಎಂದರು. ಎರಡನೇ ಕಚೇರಿಯವರು ದಂಡೆ ಮಾತ್ರ ತಮ್ಮದು ಎಂದರು. ಮೂರನೆಯವರು ಲಿಖಿತ ದೂರು ಕೇಳಿದರು. ಕೊಡಲು ಅರ್ಧ ದಿನ ರಜೆ ಹಾಕಿ ಹೋದೆ. ತೆಗೆದುಕೊಳ್ಳುವವರು ಸೀಟಿನಲ್ಲಿ ಇರಲಿಲ್ಲ. ಕಂಬ ಕೀಳುವಾಗ ಇವರಲ್ಲಿ ಒಬ್ಬರಾದರೂ ಅದು ತಮ್ಮದು ಅಂದುಕೊಂಡೇ ಕಿತ್ತಿರಬೇಕು ಅಲ್ವಾ? ನೆಡುವಾಗ ಮಾತ್ರ ಯಾರದೂ ಅಲ್ಲವೇ?

ನಿಮ್ಮ ವರದಿಯಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ಕೊನೆಯ ಸಾಲು. ಸೈಕಲ್‌ನವರಿಗೆ ಬೇಕಿದ್ದರೆ ಗುಡ್ಡದ ಮೇಲಿನ ರಸ್ತೆ ಇದೆ, ಬರೀ ಎರಡು ಕಿಲೋಮೀಟರ್ ಜಾಸ್ತಿ ಎಂದು ಅಧಿಕಾರಿಯೊಬ್ಬರು ಹೇಳಿದ್ದಾರಂತೆ. ಸೈಕಲ್ ತುಳಿಯುವವರು ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ ಸ್ವಾಮಿ, ಏರಿನಲ್ಲಿ ಅಳೆಯುತ್ತಾರೆ. ಸಮತಟ್ಟಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ಹೋಗುವವರು ನೂರು ಮೀಟರಿಗೆ ಮೂರು ಮೀಟರಿನ ಏರು ಸಿಕ್ಕರೆ, ಅದೇ ವೇಗಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಬಲ ಹಾಕಬೇಕಾಗುತ್ತದೆ. ಮೇಲಿನ ರಸ್ತೆಯ ಏರು ಅದಕ್ಕಿಂತ ಕಡಿದು. ಜೊತೆಗೆ ಲಾರಿಗಳು. ಅಪ್ಪನನ್ನೂ ಮಗಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಹೇಳುವುದೂ ಒಂದೇ, ಮನೆಯಲ್ಲೇ ಇರಿ ಎಂದು ಹೇಳುವುದೂ ಒಂದೇ.

ಕಣಿವೆಯ ಹಾದಿ ಸುಮ್ನೆ ಚೆಂದಕ್ಕಾಗಿ ಅಲ್ಲಿಲ್ಲ. ನೀರು ಸಾವಿರಾರು ವರ್ಷ ಹರಿದು ನಮಗಾಗಿ ಏರನ್ನು ತೆಗೆದುಕೊಟ್ಟಿದೆ. ಯುರೋಪಿನ ಡ್ಯಾನ್ಯೂಬ್ ದಂಡೆಯ ಸೈಕಲ್ ಹಾದಿ ಜರ್ಮನಿಯ ಪಾಸ್ಸೌದಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ 300 ಕಿಲೋಮೀಟರಿಗೂ ಉದ್ದ. ಅಷ್ಟು ದೂರಕ್ಕೆ ಒಟ್ಟಾರೆ ಇಳಿಜಾರು ಸುಮಾರು 150 ಮೀಟರ್ ಮಾತ್ರ. ಅದಕ್ಕೇ ಮಕ್ಕಳೂ ಮುದುಕರೂ ದಿನಗಟ್ಟಲೆ ಅಲ್ಲಿ ಸೈಕಲ್ ತುಳಿಯುತ್ತಾರೆ. ಹಿಂದೆ ದೋಣಿಗಳಿಗೆ ಹಗ್ಗ ಕಟ್ಟಿ ಕುದುರೆಗಳು ದಂಡೆಯ ಮೇಲೆ ಎಳೆದುಕೊಂಡು ಹೋಗುತ್ತಿದ್ದವು. ಆ ಕುದುರೆ ದಾರಿಗಳ ಮೇಲೆಯೇ ಈ ಹಾದಿಯ ಎಷ್ಟೋ ಭಾಗ ಇದೆ. ಭಾರ ಎಳೆಯುವ ಕುದುರೆಗೆ ಸರಿಯಾದ ದಾರಿ ಮಂಡಿ ನೋವಿನವರಿಗೂ ಸರಿಯೇ. ಆದರೆ ಸಮತಟ್ಟು ಇದ್ದರಷ್ಟೇ ಸಾಲದು, ವಾಹನವೂ ಇರಬಾರದು. ಎರಡರಲ್ಲಿ ಒಂದು ಹೋದರೂ ಮೊದಲು ಕಾಣೆಯಾಗುವುದು ಮಕ್ಕಳು, ಆಮೇಲೆ ವಯಸ್ಸಾದವರು. ಬಿಗಿ ಬಟ್ಟೆ ಹಾಕಿ ವೇಗವಾಗಿ ಹೋಗುವ ಹುಡುಗರು ಹೇಗೋ ಮೇಲಿನ ರಸ್ತೆಯಲ್ಲೂ ಹೋಗುತ್ತಾರೆ. ಹಾದಿ ಅವರಿಗಿಂತ ಹೆಚ್ಚಾಗಿ ನಮ್ಮಂಥವರದ್ದು.

ನಿಮ್ಮ ಪತ್ರಿಕೆಯ ಬಗ್ಗೆಯೂ ಒಂದು ಮಾತು. ವರದಿಗಾರರು ಅಧಿಕಾರಿಯ ಮಾತನ್ನು ಹಾಗೇ ಬರೆದಿದ್ದಾರೆ. ಹಾದಿಯಲ್ಲಿ ಒಬ್ಬರನ್ನೂ ಕೇಳಿಲ್ಲ. ಅಮೆರಿಕದಲ್ಲಿ ಪೊಟೊಮ್ಯಾಕ್ ನದಿ ಪಕ್ಕದ ಹಳೆಯ ಕಾಲುವೆಯ ಜಾಗದಲ್ಲಿ ಕಾರು ರಸ್ತೆ ಮಾಡುವ ಯೋಜನೆ ಬಂದಾಗ ವಾಷಿಂಗ್ಟನ್ ಪೋಸ್ಟ್ ಅದನ್ನು ಬೆಂಬಲಿಸಿ ಬರೆದಿತ್ತು. ಸುಪ್ರೀಂ ಕೋರ್ಟ್ ನ್ಯಾಯಾಧೀಶ ವಿಲಿಯಂ ಡಗ್ಲಸ್ ಅದೇ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದರು. ನನ್ನ ಜೊತೆ ಬನ್ನಿ, ಪೂರ್ತಿ ನಡೆದು ನೋಡಿ, ಆಮೇಲೆ ಬರೆಯಿರಿ ಎಂದು ಕರೆದರು. ಸಂಪಾದಕೀಯ ಬಳಗದವರು ಒಪ್ಪಿ 1954ರ ಮಾರ್ಚ್‌ನಲ್ಲಿ ಹೊರಟರು. ನಡೆದು ಬಂದ ಮೇಲೆ ಪತ್ರಿಕೆಯ ನಿಲುವೇ ಬದಲಾಯಿತು. ರಸ್ತೆ ಬರಲಿಲ್ಲ. 1971ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 297 ಕಿಲೋಮೀಟರ್ ಉದ್ದಕ್ಕೂ ಇವತ್ತು ಅಲ್ಲಿ ಜನ ಸೈಕಲ್ ತುಳಿಯುತ್ತಾರೆ. ನಾನು ನ್ಯಾಯಾಧೀಶನಲ್ಲ, ಆದರೆ ಕರೆಯುವುದು ಅದನ್ನೇ. ನಿಮ್ಮ ವರದಿಗಾರರು ಮುಂದಿನ ಭಾನುವಾರ ನಮ್ಮ ಜೊತೆ ಬರಲಿ.

ಈ ಕಚೇರಿಗಳ ಕೆಲಸ ಇವತ್ತು ನಿನ್ನೆಯ ಕಥೆಯಲ್ಲ. ಬೈಕು ತಡೆಯುತ್ತೇವೆ ಎಂದು ಎರಡು ವರ್ಷದ ಹಿಂದೆ ನಡುವಿನ ಗೇಟಿನ ಹತ್ತಿರ ಅಡ್ಡಡ್ಡ ಕಬ್ಬಿಣದ ಬೇಲಿ ನಿಲ್ಲಿಸಿದರು. ಬೈಕಿನವರು ಓರೆ ಮಾಡಿ ನುಸುಳಿದರು. ಅಪ್ಪನ ಮೂರು ಗಾಲಿ, ಗಾಲಿಕುರ್ಚಿಯವರು, ಅವಳಿ ಮಕ್ಕಳ ತಳ್ಳುಗಾಡಿ ಮಾತ್ರ ಈಚೆ ಕಡೆ ಉಳಿದವು. ಅದನ್ನು ತೆಗೆಸಲು ಎಂಟು ತಿಂಗಳು ಓಡಾಡಿದೆವು. ಮೋರಿಯ ಹತ್ತಿರ ದಂಡೆ ಕುಸಿದಾಗ ಒಂದು ಕೆಂಪು ಟೇಪು ಕಟ್ಟಿ ಹೋದರು. ಟೇಪು ಹರಿದು ನೀರಿಗೆ ಬಿತ್ತು, ದಂಡೆ ಹಾಗೇ ಇದೆ. ಬೆಂಚುಗಳ ಹಲಗೆ ಹೋಗಿ ಬರೀ ಕಾಲು ನಿಂತಿವೆ. ಸಭೆಗೆ ಕರೆದು ಸಹಿ ಹಾಕಿಸಿಕೊಂಡರು. ನಾವು ಬೇಡವೆಂದು ಹೇಳಿದ್ದೆಲ್ಲ ಬೇಕು ಎಂದು ನಡಾವಳಿಯಲ್ಲಿ ಬಂತು. ಆ ಪುಸ್ತಕ ತೋರಿಸಿ ಎಂದು ಕೇಳಿದರೆ ನಾಳೆ ಬನ್ನಿ ಎಂದರು. ಎಷ್ಟು ನಾಳೆ?

ರಿಪೇರಿ ವಾಹನ ಹೋಗಬೇಕಿತ್ತು, ಅದಕ್ಕೆ ಕಿತ್ತೆವು ಎನ್ನುವುದೂ ಒಪ್ಪುವ ಮಾತಲ್ಲ. ಕೀಲಿ ತೆಗೆದು ಮಡಚುವ ಕಂಬಗಳಿವೆ. ವಾಹನ ಹೋದ ಮೇಲೆ ಎತ್ತಿ ಬೀಗ ಹಾಕಿದರೆ ಮುಗಿಯಿತು. ಕಂಬಗಳ ನಡುವೆ ಒಂದೂವರೆ ಮೀಟರ್ ಜಾಗ ಬಿಡಿ ಎಂದು ಬ್ರಿಟನ್ನಿನ 2020ರ ಸೈಕಲ್ ಹಾದಿಯ ಮಾರ್ಗಸೂಚಿ ಹೇಳುತ್ತದೆ. ಅಷ್ಟರಲ್ಲಿ ಮೂರು ಗಾಲಿಯೂ ಗಾಲಿಕುರ್ಚಿಯೂ ಆರಾಮವಾಗಿ ದಾಟುತ್ತವೆ, ಸಾಮಾನ್ಯ ಕಾರು ದಾಟುವುದಿಲ್ಲ. ಇದನ್ನು ತಿಳಿಯಲು ಒಂದು ಅಳತೆ ಟೇಪು ಸಾಕು.

ಮಗಳ ಗಾಯ ಒಣಗುತ್ತಿದೆ. ನಿನ್ನೆ ಸಂಜೆ ಅಪ್ಪ ಕರೆದರೂ ಅವಳು ಹೊರಡಲಿಲ್ಲ. ಕಾರು ಬರುತ್ತಾ ಎಂದು ಕೇಳಿದಳು. ಬರುವುದಿಲ್ಲ ಎಂದು ನಾನು ಹೇಳುವ ಹಾಗಿರಲಿಲ್ಲ.

ಕಂಬಗಳನ್ನು ಈ ವಾರವೇ ನೆಡಬೇಕು. ಅದಾಗದಿದ್ದರೆ ಬೆಳಗ್ಗೆ ಸಂಜೆಯಾದರೂ ಗೇಟು ಮುಚ್ಚಿ ಒಬ್ಬ ಕಾವಲುಗಾರನನ್ನು ಕೂರಿಸಲಿ. ಕುಸಿದ ದಂಡೆಯನ್ನೂ ನೋಡಲಿ, ಬೆಂಚನ್ನೂ ನೋಡಲಿ, ಏನಾದರೂ ಒಂದು ಮಾಡಲಿ. ಮೇಲಿನ ರಸ್ತೆ ತೋರಿಸಿದ ಅಧಿಕಾರಿ ತಮ್ಮ ಮನೆಯ ಮಗುವನ್ನು ಕರೆದುಕೊಂಡು ಆ ಏರನ್ನು ಒಂದು ಸಲ ಸೈಕಲ್ಲಿನಲ್ಲಿ ಹತ್ತಲಿ. ಕಾರಿನಲ್ಲಿ ಕೂತು ಹೇಳಿದ್ದು ಸಾಕು.

ಇಂತಿ,
ನದಿ ಹಾದಿಯ ನಿತ್ಯದ ಸವಾರ