ಐದು ವಾರದಲ್ಲಿ ಎಸ್ಸೆಸ್ಸೆಲ್ಸಿ: ಸುಮಾಗೆ ಒಂದು ಪತ್ರ

ಚಿ. ಸೌ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಹೆತ್ತವರಿಂದ ದೂರವಿರುವ ಮಗುವನ್ನು ಸ್ವಲ್ಪ ಕಾಲ ಮನೆಯಲ್ಲಿಟ್ಟು ಸಾಕುವ ಪೋಷಕತ್ವದ ಏರ್ಪಾಟಿನಲ್ಲಿ ನಿಮ್ಮ ಮನೆಗೆ ಹತ್ತನೇ ತರಗತಿಯ ಹುಡುಗ ಬಂದಿದ್ದಾನೆಂದು ನಿನ್ನಮ್ಮ ಹೇಳಿದಾಗಲೇ ಪತ್ರ ಬರೆಯಬೇಕೆಂದಿದ್ದೆ. ಐದು ವಾರದಲ್ಲಿ ಆರು ವಿಷಯ ಮುಗಿಸುವುದು ಹೇಗೆ ಅಂತ ನೀನು ಕೇಳಿದ್ದೀಯ. ಮುಗಿಸಲು ಆಗುವುದಿಲ್ಲ, ಮುಗಿಸುವ ಅಗತ್ಯವೂ ಇಲ್ಲ. ಹತ್ತನೇ ತರಗತಿಗೆ ಪರೀಕ್ಷೆ ಈಗ ವರ್ಷಕ್ಕೆ ಒಂದೇ ಸಲ ಅಲ್ಲ. ಮಾರ್ಚ್-ಏಪ್ರಿಲ್‌ನ ಪರೀಕ್ಷೆ-1ರಲ್ಲಿ ಒಂದೆರಡು ವಿಷಯ ಉಳಿದರೆ ಪರೀಕ್ಷೆ-2 ಇದೆ. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದೇ ಉಳಿಯುತ್ತದೆ. ಇದನ್ನು ಮೊದಲು ನೀನು ನಂಬು, ಆಮೇಲೆ ಅವನಿಗೆ ಹೇಳು. ನಿನಗೇ ನಂಬಿಕೆ ಇಲ್ಲದಿದ್ದರೆ ಅವನು ನಿನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾನೆ. ಮನೆ ಬದಲಾಯಿಸಿದ ಮಕ್ಕಳು ದೊಡ್ಡವರ ಮುಖ ಓದುವುದರಲ್ಲಿ ಬಲು ಜಾಣರು.

ಪುಸ್ತಕ ತೆಗೆಯುವ ಮುಂಚೆ ಕಾಗದಪತ್ರ ನೋಡು. ಅವನು ಬೇರೆ ಜಿಲ್ಲೆಯಿಂದ ಬಂದವನು. ಪರೀಕ್ಷೆಯ ನೋಂದಣಿ ತಿಂಗಳುಗಳ ಹಿಂದೆಯೇ ಆಗಿರುತ್ತದೆ. ಹಾಗಾಗಿ ಹಳೆಯ ಶಾಲೆಯಿಂದ ಆಗಿದೆಯೋ, ಹೊಸ ಶಾಲೆಗೆ ಬದಲಾಗಿದೆಯೋ ಎನ್ನುವುದು ಮೊದಲ ಪ್ರಶ್ನೆ. ಹಾಲ್ ಟಿಕೆಟ್ ಬರುವುದು ನೋಂದಣಿ ಮಾಡಿದ ಶಾಲೆಯ ಲಾಗಿನ್‌ಗೆ. ನೋಂದಣಿ ಅಲ್ಲೇ ಉಳಿದಿದ್ದರೆ ಪರೀಕ್ಷಾ ಕೇಂದ್ರವೂ ಅಲ್ಲೇ. ಯಾವ ಊರಿನಿಂದ ಅವನನ್ನು ದೂರ ಇಡಬೇಕೆಂದು ಮಕ್ಕಳ ಕಲ್ಯಾಣ ಸಮಿತಿ (ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿ) ನಿಮ್ಮ ಮನೆಗೆ ಕಳಿಸಿತೋ, ಅದೇ ಊರಿಗೆ ಆರು ದಿನ ಹೋಗಿ ಕೂರುವುದು ಸಣ್ಣ ಮಾತಲ್ಲ. ಮುಖ್ಯಶಿಕ್ಷಕರನ್ನು ಈ ವಾರವೇ ಕಾಣು. ಸಮಿತಿ ಕೊಟ್ಟ ಪೋಷಕತ್ವದ ಆದೇಶದ ಎರಡು ಪ್ರತಿ, ಹುಡುಗನ ಸ್ಯಾಟ್ಸ್ ಸಂಖ್ಯೆ (ಶಾಲೆಯ ಆನ್‌ಲೈನ್ ದಾಖಲೆಯಲ್ಲಿ ಅವನಿಗಿರುವ ಸಂಖ್ಯೆ), ಟಿ.ಸಿ. ಮತ್ತು ಆಧಾರ್ ಜೊತೆಗಿರಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿಗೂ ವಿಷಯ ತಿಳಿಸು. ಕೇಂದ್ರ ಬದಲಾವಣೆಗೆ ಶಾಲೆ ಬರೆಯುವಾಗ ಅವರದೂ ಒಂದು ಪತ್ರ ಇದ್ದರೆ ತೂಕ ಬೇರೆ.

ಆಂತರಿಕ ಅಂಕದ ಬಗ್ಗೆಯೂ ಅದೇ ದಿನ ಕೇಳಿಬಿಡು. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ 20ರಂತೆ ಒಟ್ಟು 125 ಅಂಕ ಶಾಲೆಯ ಕೈಯಲ್ಲೇ ಇರುತ್ತದೆ. ವರ್ಷದ ನಡುವೆ ಶಾಲೆ ಬಿಟ್ಟ ಮಕ್ಕಳ ರೂಪಣಾತ್ಮಕ (ವರ್ಷದ ನಡುನಡುವೆ ಶಾಲೆಯೇ ಮಾಡುವ ಸಣ್ಣ) ಪರೀಕ್ಷೆಯ ಅಂಕ ಹಳೆಯ ಶಾಲೆಯ ವಹಿಯಲ್ಲಿ ಉಳಿದುಹೋಗಿ, ಹೊಸ ಶಾಲೆಯವರು ಗೈರು ಎಂದು ಬರೆಯುವ ಅಪಾಯ ಉಂಟು. ಯಾರೂ ಬೇಕೆಂದು ಮಾಡುವುದಲ್ಲ. ಕೇಳುವವರು ಇರುವುದಿಲ್ಲ, ಅಷ್ಟೇ. ಅಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬರೆದಿದ್ದರೆ ಆ ಉತ್ತರಪತ್ರಿಕೆಗಳನ್ನೂ ತರಿಸು.

ಹಾಲ್ ಟಿಕೆಟ್‌ನಲ್ಲಿ ತಂದೆ-ತಾಯಿಯ ಹೆಸರು ಅವನ ಹೆತ್ತವರದೇ ಇರುತ್ತದೆ, ಇರಬೇಕು. ಪೋಷಕತ್ವ ದತ್ತು ಅಲ್ಲ. ಅಲ್ಲಿ ಕೈ ಹಾಕಬೇಡ.

ಇನ್ನು ಓದು. ಮೊದಲ ಎರಡು ದಿನ ಏನೂ ಕಲಿಸಬೇಡ, ಅವನಿಗೆ ಏನು ಗೊತ್ತಿದೆ ಅಂತ ನೋಡು. ಬೇರೆ ಯಾರೂ ಇಲ್ಲದಾಗ ಕನ್ನಡ ಪಠ್ಯದಿಂದ ಹತ್ತು ಸಾಲು ಗಟ್ಟಿಯಾಗಿ ಓದಿಸು. ಐದು ಸಾಲು ಹೇಳಿ ಬರೆಸು. ಲೆಕ್ಕದಲ್ಲಿ ನಾಲ್ಕೇ ಕೊಡು: 84ನ್ನು 4ರಿಂದ ಭಾಗಿಸುವುದು, ಎರಡು ಭಿನ್ನರಾಶಿ ಕೂಡುವುದು, −3 + 7, ಮತ್ತು 2ಎಕ್ಸ್ + 3 = 11. ಕೆಂಪು ಪೆನ್ನು ಬೇಡ, ಅಂಕವೂ ಬೇಡ. ಶಾಲೆಯಿಂದ ಶಾಲೆಗೆ ಅಲೆದ ಮಕ್ಕಳಲ್ಲಿ ಹತ್ತನೆಯದರ ಪಾಠಕ್ಕಿಂತ ಆರು-ಏಳನೆಯದರಲ್ಲಿ ತೂತು ಇರುತ್ತದೆ. ಋಣ ಸಂಖ್ಯೆ ಬಾರದವನಿಗೆ ವರ್ಗ ಸಮೀಕರಣ ಹೇಳಿಕೊಟ್ಟರೆ ಅವನು ತಲೆ ಆಡಿಸುತ್ತಾನೆ, 'ಗೊತ್ತಾಯ್ತು' ಅನ್ನುತ್ತಾನೆ. ಆ ಮಾತನ್ನು ಉತ್ತರ ಅಂತ ಎಣಿಸಬೇಡ. ಪಾಠ ಗೊತ್ತಿಲ್ಲ ಅಂದರೆ ಈ ಮನೆಯೂ ಕೈತಪ್ಪೀತು ಎನ್ನುವ ಲೆಕ್ಕಾಚಾರ ಒಳಗೆ ನಡೆಯುತ್ತಿರುತ್ತದೆ. 'ಗೊತ್ತಾಯ್ತಾ?' ಅಂತ ಕೇಳುವುದನ್ನೇ ಬಿಟ್ಟು, 'ಇದೇ ತರಹದ್ದು ಇನ್ನೊಂದು ಮಾಡು ನೋಡೋಣ' ಅನ್ನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರೆ, ಇಲ್ಲವೇ ಬರೆಯುವಾಗ ಒತ್ತಕ್ಷರಗಳು ಪದೇ ಪದೇ ಹಿಂದುಮುಂದಾಗುತ್ತಿದ್ದರೆ ಮುಖ್ಯಶಿಕ್ಷಕರಿಗೆ ಹೇಳು. ಕಲಿಕಾ ನ್ಯೂನತೆ ವೈದ್ಯಕೀಯವಾಗಿ ದೃಢಪಟ್ಟವರಿಗೆ ಪರೀಕ್ಷಾ ಮಂಡಳಿಯಿಂದ ಹೆಚ್ಚಿನ ಸಮಯ, ಬರೆಯುವವರ ನೆರವು ಇದೆ. ಈ ಸಲಕ್ಕೆ ಆಗದಿದ್ದರೆ ಮುಂದಿನ ಪರೀಕ್ಷೆಗಾದರೂ ಆದೀತು.

ಅಂಕದ ಲೆಕ್ಕ ಹೀಗಿದೆ. ಲಿಖಿತ ಪರೀಕ್ಷೆ ಪ್ರಥಮ ಭಾಷೆಗೆ 100, ಉಳಿದವಕ್ಕೆ 80. ಹಿಂದೆ ಲಿಖಿತದಲ್ಲೇ 80ಕ್ಕೆ 28 ತೆಗೆಯಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೊಸ ನಿಯಮ ಹೇಳಿತು: ಆಂತರಿಕವೂ ಸೇರಿ ಪ್ರತಿ ವಿಷಯದಲ್ಲಿ ಶೇ 30, ಒಟ್ಟಾರೆ ಶೇ 33, ಅಂದರೆ 625ಕ್ಕೆ 206. ಈ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲೇ ಓದಿಕೊ. ನಿಯಮ ಏನೇ ಇರಲಿ, ನಿನ್ನ ಗುರಿ ಲಿಖಿತದಲ್ಲಿ 80ಕ್ಕೆ 35 ಇಟ್ಟುಕೊ. ಮನೆಯಲ್ಲಿ 35 ಬರುವವನಿಗೆ ಪರೀಕ್ಷಾ ಕೊಠಡಿಯಲ್ಲಿ ಗಾಬರಿಗೆ ಐದಾರು ಹೋದರೂ ದಡ ಸೇರುತ್ತಾನೆ.

ಶಿಕ್ಷಕರ ಹತ್ತಿರ 'ಪಾಸಿಂಗ್ ಪ್ಯಾಕೇಜ್' ಅಂತ, ಪಾಸಾಗಲು ಬೇಕಾದಷ್ಟು ಮುಖ್ಯ ಪ್ರಶ್ನೋತ್ತರಗಳ ಸಂಗ್ರಹ ಇರುತ್ತದೆ. ಮುಜುಗರ ಪಡದೆ ಇಸಿದುಕೊ. ದಪ್ಪ ಗೈಡುಗಳಿಗೆ ದುಡ್ಡು ಹಾಕಬೇಡ. ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರ, ನೂರು ಪುಟದ ಆರು ನೋಟ್‌ಬುಕ್, ಗ್ರಾಫ್ ಹಾಳೆ, ಜಾಮೆಟ್ರಿ ಬಾಕ್ಸ್ ಇಷ್ಟು ಸಾಕು. ಹೊಸ ಟ್ಯೂಷನ್ ಬೇಡವೇ ಬೇಡ. ಹೊಸ ಮನೆ, ಹೊಸ ಶಾಲೆಯ ಮೇಲೆ ಮೂರನೆಯ ಅಪರಿಚಿತರನ್ನು ಹೇರಿದಂತಾಗುತ್ತದೆ.

ಗಣಿತವನ್ನೇ ತೆಗೆದುಕೊ. 38 ಪ್ರಶ್ನೆ: ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು 1. ಒಂದಂಕದವೇ 16 ಅಂಕ. ಅದರಲ್ಲಿ ಎಂಟು ಬಹು ಆಯ್ಕೆಯವು, ಯಾವುದನ್ನೂ ಖಾಲಿ ಬಿಡಬಾರದು. ಇದರ ಮೇಲೆ ಗ್ರಾಫ್, ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳ ಪ್ರಮೇಯ, ಸರಾಸರಿ ಮತ್ತು ಬಹುಲಕ, ಸಮಾಂತರ ಶ್ರೇಢಿಯ ಎರಡು ಸೂತ್ರ, ದೂರ ಸೂತ್ರ, ಸಂಭವನೀಯತೆ. ಇಷ್ಟನ್ನು ಹಿಡಿ, ಉಳಿದದ್ದನ್ನು ಧೈರ್ಯವಾಗಿ ಬಿಡು.

ಗ್ರಾಫಿನ ಲೆಕ್ಕ ಹೇಗೆ ಕಲಿಸಬೇಕೆಂದು ಬಿಡಿಸಿ ಹೇಳುತ್ತೇನೆ, ನಾಲ್ಕು ಅಂಕದ್ದು. ಎಕ್ಸ್ + ವೈ = 5, 2ಎಕ್ಸ್ − ವೈ = 4 ಅಂತಿರಲಿ. ಮೊದಲನೆಯದನ್ನು ವೈ = 5 − ಎಕ್ಸ್ ಎಂದು ಬರೆಸು. ಎಕ್ಸ್‌ಗೆ 0, 3, 5 ಕೊಟ್ಟರೆ ವೈ 5, 2, 0. ಎರಡನೆಯದು ವೈ = 2ಎಕ್ಸ್ − 4. ಎಕ್ಸ್‌ಗೆ 0, 2, 3 ಕೊಟ್ಟರೆ ವೈ −4, 0, 2. ತಪ್ಪುವ ಜಾಗಗಳು ನಾಲ್ಕು. −ವೈ ಅನ್ನು ಆಚೆ ಒಯ್ಯುವಾಗ ಚಿಹ್ನೆ ಮರೆತು ವೈ = 4 − 2ಎಕ್ಸ್ ಮಾಡುವುದು. (0, −4)ನ್ನು ಕೆಳಗೆ ಇಡುವ ಬದಲು ಎಡಕ್ಕೆ ಇಡುವುದು. ಮೂರು ಬಿಂದು ಒಂದೇ ಗೆರೆಯಲ್ಲಿ ಬಾರದಿದ್ದರೂ ಸ್ಕೇಲು ಓರೆ ಮಾಡಿ ಎಳೆದುಬಿಡುವುದು. ಮೂರನೆಯ ಬಿಂದು ಇರುವುದೇ ತಪ್ಪು ಹಿಡಿಯಲು ಅಂತ ಅವನಿಗೆ ಹೇಳು. ಕೊನೆಯದಾಗಿ, ಗೆರೆಗಳು ಕೂಡಿದ ಜಾಗ ಗುರುತಿಸಿ 'ಎಕ್ಸ್ = 3, ವೈ = 2' ಎಂದು ಬರೆಯದೆ ಎದ್ದುಬಿಡುವುದು. ಕೋಷ್ಟಕಗಳಿಗೇ ಸಾಮಾನ್ಯವಾಗಿ ಎರಡು ಅಂಕ ಇರುತ್ತದೆ. ಹಾಗಾಗಿ ಗೆರೆ ಸೊಟ್ಟಗಾಯಿತೆಂದು ಇಡೀ ಉತ್ತರ ಹೊಡೆದುಹಾಕಬಾರದು. ದಿನಕ್ಕೆ ಒಂದರಂತೆ ಹತ್ತು ದಿನ ಮಾಡಿಸಿದರೆ ಈ ನಾಲ್ಕು ಅಂಕ ಅವನ ಕೈಯಲ್ಲಿ.

ವಿಜ್ಞಾನದಲ್ಲಿ ಚಿತ್ರಗಳಿಂದ ಶುರು ಮಾಡು: ಹೃದಯ, ಮೆದುಳು, ಕಣ್ಣು, ಪೀನ ಮಸೂರದ ಕಿರಣ ಚಿತ್ರಗಳು. ಭಾಗ ಗುರುತಿಸದ ಚಿತ್ರಕ್ಕೆ ಅಂಕ ಹೋಗುತ್ತದೆ. ಕಿರಣಗಳಿಗೆ ಬಾಣದ ಗುರುತು ಇಲ್ಲದಿದ್ದರೂ ಅಷ್ಟೇ. ಆಮೇಲೆ ರಾಸಾಯನಿಕ ಸಮೀಕರಣ ಸರಿದೂಗಿಸುವುದು. ಸಮಾಜದಲ್ಲಿ ಭಾರತದ ನಕ್ಷೆಗೆ 5 ಅಂಕ. ಕರ್ಕಾಟಕ ಸಂಕ್ರಾಂತಿ ವೃತ್ತ, 82½° ಪೂರ್ವ ರೇಖಾಂಶ, ನರ್ಮದಾ, ಹಿರಾಕುಡ್, ಭಾಕ್ರಾ ನಂಗಲ್, ಕಾಂಡ್ಲಾ, ಹಲ್ದಿಯಾ, ವಿಶಾಖಪಟ್ಟಣ ಇಂಥವು ಇಪ್ಪತ್ತು ಸ್ಥಳ ಗೊತ್ತಿದ್ದರೆ ಸಾಕು. ಇಂಗ್ಲಿಷ್, ಹಿಂದಿಗೆ ಕಂಠಪಾಠದ ಪದ್ಯ, ಪತ್ರ, ಮತ್ತು ಕೊಟ್ಟ ಗದ್ಯ ಓದಿ ಉತ್ತರಿಸುವುದು. ಗದ್ಯದ ಉತ್ತರ ಅಲ್ಲೇ ಇರುತ್ತದೆ, ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕುವುದನ್ನು ರೂಢಿ ಮಾಡಿಸು.

ಪತ್ರಲೇಖನದಲ್ಲಿ ಒಂದು ಮುಳ್ಳು ಇದೆ. 'ಶಾಲಾ ಪ್ರವಾಸಕ್ಕೆ ಹಣ ಕಳಿಸುವಂತೆ ತಂದೆಗೆ ಪತ್ರ ಬರೆಯಿರಿ' ಎಂಬಂಥ ಪ್ರಶ್ನೆ ಮಾಮೂಲು. ಅದನ್ನು ನೋಡಿದ ಕೂಡಲೇ ಇವನ ಪೆನ್ನು ನಿಂತೀತು. ಮೊದಲೇ ಹೇಳಿಡು: ಪಕ್ಕದಲ್ಲೇ 'ಅಥವಾ' ಎಂದು ವ್ಯಾವಹಾರಿಕ ಪತ್ರ ಇದ್ದರೆ ಅದನ್ನು ಬರೆ, ರಜೆಗೆ ಮುಖ್ಯಶಿಕ್ಷಕರಿಗೆ, ಬೀದಿದೀಪಕ್ಕೆ ಪಂಚಾಯಿತಿಗೆ. ಇಂದ, ಗೆ, ವಿಷಯ, ಒಡಲು, ಸಹಿ ಅಂತ ಚೌಕಟ್ಟು ಒಂದೇ, ಹತ್ತು ಸಲ ಬರೆದರೆ ಕೈಗೆ ಬರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೂ ನೀನು ಅದನ್ನೇ ಕೊಡು. ತಂದೆಗೆ ಬರೆಯುವುದನ್ನು ಅವನಾಗಿ ಆರಿಸಿದರೆ ತಡೆಯಬೇಡ.

ದಿನಕ್ಕೆ ನಲವತ್ತು ನಿಮಿಷದ ನಾಲ್ಕು ಕೂರುವಿಕೆ ಸಾಕು: ಬೆಳಿಗ್ಗೆ ಒಂದು, ಸಂಜೆ ಮೂರು. ಒಂದು ಕೂರುವಿಕೆಯಲ್ಲಿ ಹದಿನೈದು ನಿಮಿಷ ಓದು, ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿ ಬರೆಯುವುದು, ಐದು ನಿಮಿಷ ತಿದ್ದುವುದು. ನೋಡಿಕೊಂಡು ನಕಲು ಮಾಡಿಸಿದರೆ ಪುಟ ತುಂಬುತ್ತದೆ, ತಲೆಗೆ ಹೋಗುವುದಿಲ್ಲ. ಬರೆದದ್ದನ್ನೇ ಮೂರನೆಯ ದಿನ, ಎಂಟನೆಯ ದಿನ ಮತ್ತೆ ಬರೆಸು. ಭಾನುವಾರ ಬೆಳಿಗ್ಗೆ 10ರಿಂದ 1.15ರವರೆಗೆ ಒಂದು ಪೂರ್ತಿ ಹಳೆಯ ಪತ್ರಿಕೆ. ಮೊದಲ 15 ನಿಮಿಷ ಪ್ರಶ್ನೆ ಓದಲಿಕ್ಕೆ ಮಾತ್ರ. ಮೂರು ಗಂಟೆ ಒಂದೇ ಕಡೆ ಕೂತು ಬರೆಯುವ ರೂಢಿಯೇ ಅವನಿಗೆ ಇರಲಾರದು. ಬೆನ್ನು, ಬೆರಳು ಎರಡೂ ನೋಯುತ್ತವೆ. ರಾತ್ರಿ ಹತ್ತರ ನಂತರ ದೀಪ ಆರಿಸು. ಹೊಸ ಮನೆಯಲ್ಲಿ ನಿದ್ದೆ ಮೊದಲೇ ತೆಳು, ಅದನ್ನೂ ಓದಿಗೆ ಕಡಿಯಬೇಡ.

ಸಮಿತಿಯ ಮುಂದೆ ಹಾಜರಾಗುವ ದಿನ, ಹೆತ್ತವರ ಭೇಟಿಯ ದಿನ ಪರೀಕ್ಷೆಯ ನಡುವೆ ಬೀಳುತ್ತದಾ ಅಂತ ಈಗಲೇ ನೋಡು. ವೇಳಾಪಟ್ಟಿ ಲಗತ್ತಿಸಿ ದಿನಾಂಕ ಮುಂದೂಡಲು ಬರೆದುಕೊಡು, ಬಾಯಿಮಾತು ಸಾಲದು. ಅಮ್ಮನ ಫೋನ್ ಬರುವುದಿದ್ದರೆ ನಿಲ್ಲಿಸಬೇಡ, ಹೊತ್ತು ಬದಲಾಯಿಸು. ಹಿಂದಿನ ರಾತ್ರಿಯ ಕರೆ ಅವನನ್ನು ಅಲ್ಲಾಡಿಸಿದರೆ ಬೆಳಗಾಗುವವರೆಗೆ ಸರಿಹೋಗುವುದಿಲ್ಲ. ಪರೀಕ್ಷೆ ಮುಗಿದ ಮಧ್ಯಾಹ್ನ ಮಾತಾಡಲಿ.

ಕೇಂದ್ರಕ್ಕೆ ಒಮ್ಮೆ ಮೊದಲೇ ಕರೆದುಕೊಂಡು ಹೋಗಿ ಬಾ. ಬಾಗಿಲಲ್ಲಿ ತಪಾಸಣೆ ಮಾಡುತ್ತಾರೆ, ಕೊಠಡಿಯಲ್ಲಿ ಕ್ಯಾಮೆರಾ ಇರುತ್ತದೆ, ಅದು ಎಲ್ಲರಿಗೂ ಅಂತ ಮುಂಚೆಯೇ ತಿಳಿಸು. ಬಾಲಮಂದಿರದಲ್ಲಿ (ಆಸರೆ ಬೇಕಾದ ಮಕ್ಕಳ ಸರ್ಕಾರಿ ನಿಲಯದಲ್ಲಿ) ಇದ್ದುಬಂದವನಿಗೆ ಜೇಬು ತಡವಿದರೆ ತನ್ನ ಮೇಲೇ ಅನುಮಾನ ಅನ್ನಿಸುತ್ತದೆ. ಹಾಲ್ ಟಿಕೆಟ್, ಎರಡು ನೀಲಿ ಪೆನ್ನು, ಪೆನ್ಸಿಲ್, ಸ್ಕೇಲು, ನೀರಿನ ಬಾಟಲಿ. ಮೊಬೈಲು, ಸ್ಮಾರ್ಟ್‌ವಾಚು ಬೇಡ. ಅವತ್ತು ಹೊಸ ತಿಂಡಿ ಮಾಡುವ ಉತ್ಸಾಹ ಬಿಡು. ಹೊರಬಂದವನಿಂದ ಪ್ರಶ್ನೆಪತ್ರಿಕೆ ಕಸಿದು ಉತ್ತರ ತಾಳೆ ನೋಡಬೇಡ. ಊಟ ಹಾಕು.

ಹಾಲ್ ಟಿಕೆಟ್ ಹಿಡಿದ ಫೋಟೋ ಸ್ಟೇಟಸ್‌ಗೆ ಹಾಕಬೇಡಿ, ಇದನ್ನು ಮನೆಯವರಿಗೆಲ್ಲ ಹೇಳು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಗುರುತು ಬಹಿರಂಗ ಮಾಡುವುದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅನ್ನುತ್ತದೆ. ನಾನೂ ಅವನ ಹೆಸರು ಇಲ್ಲಿ ಬರೆದಿಲ್ಲ, ನೋಡು.

ಫಲಿತಾಂಶದ ಮಾತನ್ನು ಪರೀಕ್ಷೆಗೆ ಮುಂಚೆಯೇ ಆಡಿಬಿಡಿ, ನೀನೂ ನಿನ್ನ ಗಂಡನೂ ಇಬ್ಬರೂ ಕೂತು. 'ಪಾಸಾದರೂ ಆಗದಿದ್ದರೂ ನಿನ್ನ ಮಂಚ ಇಲ್ಲೇ ಇರುತ್ತೆ. ಆಗದಿದ್ದರೆ ಆ ವಿಷಯಕ್ಕೆ ಮಾತ್ರ ಎರಡನೇ ಪರೀಕ್ಷೆಗೆ ಹೆಸರು ಕೊಡೋಣ' ಅನ್ನಿ, ಅಷ್ಟೇ ಸಾಕು. ಆದರೆ ನಿಮ್ಮ ಮನೆಯಲ್ಲಿ ಅವನ ಅವಧಿ ಎಷ್ಟು ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ, ಆದ್ದರಿಂದ 'ಯಾವಾಗಲೂ' ಎಂಬ ಮಾತು ಕೊಡಬೇಡಿ. ಈಡೇರದ ಮಾತುಗಳನ್ನು ಅವನು ಈಗಾಗಲೇ ಬೇಕಾದಷ್ಟು ಕೇಳಿರುತ್ತಾನೆ.

ಮುಖ್ಯಶಿಕ್ಷಕರನ್ನು ಕಂಡ ದಿನ ರಾತ್ರಿ ನನಗೊಂದು ಫೋನ್ ಮಾಡು. ಆ ನಾಲ್ಕು ಲೆಕ್ಕ ಮಾಡಿದ ಹಾಳೆಯ ಫೋಟೋ ಕಳಿಸಿದರೆ, ಗಣಿತವನ್ನು ಎಲ್ಲಿಂದ ಹಿಡಿಯಬೇಕು ಅಂತ ಗುರುತು ಹಾಕಿ ಕೊಡುತ್ತೇನೆ; ಹೆಸರಿರುವ ಮೂಲೆ ಮಡಚಿ ತೆಗೆ.

ಇತಿ,
ನಿನ್ನ ದೊಡ್ಡಮ್ಮ